ಡಬಲ್ ಚೆಕ್ ರಾಯರು

ರಾಯರು ಮನೆಗೆ ಬೀಗ ಹಾಕುತ್ತಿದ್ದಾರೆಂದರೆ ಬೀದಿಯ ಮಕ್ಕಳು ಕ್ರಿಕೆಟ್ ನಿಲ್ಲಿಸಿ ನೋಡುತ್ತಾರೆ. ಮೊದಲ ಸಲ ಬೀಗವನ್ನು ಸುಮ್ಮನೆ ಜಗ್ಗುತ್ತಾರೆ. ಎರಡನೆಯ ಸಲ ಮೈಭಾರವನ್ನೆಲ್ಲ ಬಿಟ್ಟು ಜೋತುಬೀಳುತ್ತಾರೆ. ಕಳ್ಳನೂ ಅಷ್ಟು ನಿಷ್ಠೆಯಿಂದ ಜಗ್ಗಲಾರ. ಆಮೇಲೆ ಗೇಟು ದಾಟಿ, ಆಟೋದಲ್ಲಿ ಒಂದು ಕಾಲಿಟ್ಟು, "ಒಂದ್ನಿಮಿಷ" ಎಂದು ವಾಪಸ್ ಬರುತ್ತಾರೆ. ಈ ಸಲ ಗ್ಯಾಸಿನ ರೆಗ್ಯುಲೇಟರಿಗಾಗಿ.

"ಇವತ್ತು ಏಕಾದಶಿ ಕಣ್ರೀ, ಒಲೆನೇ ಹಚ್ಚಿಲ್ಲ" ಎಂದು ಅವರ ಹೆಂಡತಿ ಆಟೋದೊಳಗಿಂದಲೇ ಕೂಗುತ್ತಾರೆ.

"ಹಚ್ಚಿಲ್ಲ ಅನ್ನೋದನ್ನ ನೋಡಿದ್ಯಾ?"

ಇದಕ್ಕೆ ಉತ್ತರ ಕೊಡಬಲ್ಲ ಹೆಂಗಸು ಇನ್ನೂ ಹುಟ್ಟಿಲ್ಲ. ಆಟೋದವನು ಮಾತ್ರ ವೇಟಿಂಗ್ ಚಾರ್ಜ್ ಲೆಕ್ಕ ಹಾಕುತ್ತಾನೆ. ಆ ಲೆಕ್ಕವನ್ನೂ ರಾಯರು ಮೀಟರ್ ನೋಡಿ, ತಮ್ಮ ವಾಚು ನೋಡಿ, ಎರಡನ್ನೂ ತಾಳೆ ಹಾಕಿಯೇ ಕೊಡುವುದು.

ಇಂಥ ರಾಯರು ಬೀದಿಗೊಬ್ಬರು ಇದ್ದೇ ಇರುತ್ತಾರೆ. ಗೌಡರಿರಬಹುದು, ಶೆಟ್ಟರಿರಬಹುದು, ಟೀಚರಮ್ಮನೂ ಇರಬಹುದು. ಆದರೆ ಅಸಲಿ ತಳಿ ಸಿಗುವುದು ಬ್ಯಾಂಕಿನಿಂದ ನಿವೃತ್ತರಾದವರಲ್ಲಿ, ಅದರಲ್ಲೂ ಕಂಪ್ಯೂಟರ್ ಕಾಲಿಡುವ ಮುಂಚೆ ಕೆಲಸಕ್ಕೆ ಸೇರಿದವರಲ್ಲಿ. ಅದು ದಪ್ಪ ಲೆಡ್ಜರುಗಳ ಕಾಲ. ಗುಮಾಸ್ತ ಪೋಸ್ಟ್ ಮಾಡಿದ್ದನ್ನು ಅಧಿಕಾರಿ ಓಚರಿನ ಜೊತೆ ಹೋಲಿಸಿ ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಬರೆದವನೇ ಚೆಕ್ ಮಾಡುವಂತಿಲ್ಲ. ಬ್ಯಾಲೆನ್ಸ್ ಹತ್ತು ಪೈಸೆ ಆಚೀಚೆ ಆದರೂ ರಾತ್ರಿಯವರೆಗೆ ಕೂತು ಹುಡುಕಬೇಕು. ಹುಡುಕುವುದಕ್ಕೂ ಒಂದು ವಿದ್ಯೆ ಇತ್ತು. ವ್ಯತ್ಯಾಸವನ್ನು ಅರ್ಧ ಮಾಡಿ ಆ ಮೊತ್ತದ ಓಚರ್ ಹುಡುಕು, ಜಮೆಯಾಗಬೇಕಾದದ್ದು ಖರ್ಚಿಗೆ ಬಿದ್ದಿರಬಹುದು. ವ್ಯತ್ಯಾಸ 9ರಿಂದ ಭಾಗವಾದರೆ ಎರಡು ಅಂಕಿ ಅದಲುಬದಲಾಗಿರಬಹುದು; 54 ಬರೆಯುವಲ್ಲಿ 45 ಬರೆದರೆ 9, 82ರ ಜಾಗದಲ್ಲಿ 28 ಬರೆದರೆ 54. ಈ ವಿದ್ಯೆ ಒಮ್ಮೆ ತಲೆಗೇರಿದ ಮೇಲೆ ಮನುಷ್ಯ ತರಕಾರಿ ಚೀಟಿಯನ್ನೂ ಸುಮ್ಮನೆ ಓದಲಾರ.

ತೊಂದರೆ ಏನೆಂದರೆ ಬ್ಯಾಂಕಿನಲ್ಲಿ ಚೆಕ್ ಮಾಡಲು ಇನ್ನೊಬ್ಬರು ಇದ್ದರು, ಮನೆಯಲ್ಲಿ ಇಲ್ಲ. ಈಗ ಬ್ಯಾಂಕಿನ ತಂತ್ರಾಂಶದಲ್ಲೂ ಮೇಕರ್ ಬೇರೆ, ಚೆಕರ್ ಬೇರೆ. ರಾಯರ ಸಂಸಾರದಲ್ಲಿ ಎರಡೂ ಹುದ್ದೆ ಅವರವೇ. ಮಗಳ ಮದುವೆಯ ಲಗ್ನಪತ್ರಿಕೆಯ ಪ್ರೂಫ್ ಅನ್ನು ಯಾರ ಕೈಗೂ ಕೊಡದೆ ತಾವೇ ಮೂರು ಸಲ ಓದಿದರು. ಮುಹೂರ್ತದ ಗಂಟೆ, ನಿಮಿಷ, ನಕ್ಷತ್ರ, ಛತ್ರದ ಪಿನ್‌ಕೋಡ್ ಎಲ್ಲಕ್ಕೂ ಪೆನ್ಸಿಲಿನ ಟಿಕ್ ಬಿತ್ತು. ಅಚ್ಚಾಗಿ ಬಂದಾಗ ಮಗಳು ಚಿ. ರಾ. ಆಗಿದ್ದಳು, ಅಳಿಯ ಚಿ. ಸೌ. ಆಗಿದ್ದ. ಅದಲುಬದಲನ್ನು ಹಿಡಿಯುವುದರಲ್ಲೇ ಆಯುಷ್ಯ ಸವೆಸಿದವರ ಕಣ್ಣೆದುರು ನಡೆದ ಅದಲುಬದಲು ಇದು. ಅವರು ನೋಡಿದ್ದು ಅಂಕಿಗಳನ್ನು ಮಾತ್ರ.

"ಲೆಕ್ಕ ಸರಿಯಾಗೇ ಇದೆ, ಇಬ್ಬರಿಗೂ ಒಂದೊಂದು ಬಂದಿದೆಯಲ್ಲ" ಎಂದರಂತೆ ಬೀಗರು. ಒಳ್ಳೆಯ ಬೀಗರು.

ಮೊಬೈಲಿನಲ್ಲಿ ದುಡ್ಡು ಕಳಿಸುವ ಕಾಲ ಬಂದಾಗ ರಾಯರು ತಮ್ಮದೇ ಪದ್ಧತಿ ಹುಡುಕಿಕೊಂಡರು. ಮೊದಲು ಒಂದು ರೂಪಾಯಿ ಕಳಿಸುವುದು. ಫೋನ್ ಮಾಡಿ "ಬಂತಾ?" ಎಂದು ಕೇಳುವುದು. ಬಂತು ಎಂದರೆ "ಯಾರ ಹೆಸರು ತೋರಿಸ್ತಿದೆ ನೋಡಿ ಹೇಳಿ" ಎನ್ನುವುದು. ಆಮೇಲೆ ಉಳಿದದ್ದು. ದೂರದ ನೆಂಟರ ಮದುವೆಗೆ ಮುಯ್ಯಿಯನ್ನೂ ಹೀಗೇ ಕಳಿಸಿದರು. ಮಾಂಗಲ್ಯಧಾರಣೆಯ ಹೊತ್ತಿಗೆ ಹುಡುಗನ ತಂದೆಗೆ ಫೋನ್ ಹೋಯಿತು: "ಒಂದ್ರೂಪಾಯಿ ಬಂತಾ?" ಗಟ್ಟಿಮೇಳದಲ್ಲಿ ಅವರಿಗೆ ಏನು ಕೇಳಿಸಿತೋ, ಹೂಂ ಎಂದರು. ರಾಯರು 500 ಕಳಿಸಿದರು. ಒಟ್ಟು 501 ಆಯಿತು. ಅಂದಿನಿಂದ ಅವರ ಪದ್ಧತಿಗೆ ಶಾಸ್ತ್ರದ ಬೆಂಬಲವೂ ಸಿಕ್ಕಿತು.

ಮತಗಟ್ಟೆಯಲ್ಲಿ ಅವರದು ಬೇರೆ ದೂರು. ಗುಂಡಿ ಒತ್ತಿದ ಮೇಲೆ ವಿವಿಪ್ಯಾಟ್ ಗಾಜಿನ ಹಿಂದೆ ಚೀಟಿ ಕಾಣುವುದು 7 ಸೆಕೆಂಡು. ಅಷ್ಟರಲ್ಲಿ ದೂರದ ಕನ್ನಡಕ ತೆಗೆದು, ಹತ್ತಿರದ ಕನ್ನಡಕ ಹುಡುಕಿ, ಒರೆಸಿ, ಹಾಕಿಕೊಳ್ಳುವ ಹೊತ್ತಿಗೆ ಚೀಟಿ ಕೆಳಗಿನ ಪೆಟ್ಟಿಗೆಗೆ ಬಿದ್ದಿರುತ್ತದೆ. ಈಗ ಓದುವ ಕನ್ನಡಕ ಹಾಕಿಕೊಂಡೇ ಒಳಗೆ ಹೋಗುತ್ತಾರೆ. ಹಾಗಾಗಿ ಮೇಜು ಎಲ್ಲಿದೆಯೆಂದು ತೋರಿಸಲು ಸಿಬ್ಬಂದಿ ಎದ್ದು ಬರಬೇಕಾಗುತ್ತದೆ.

ಅವರು ನಿಜವಾಗಿ ಮೆಚ್ಚಿಕೊಂಡದ್ದು ಒಂದೇ ವಸ್ತುವನ್ನು, ಆಧಾರ್ ಸಂಖ್ಯೆಯನ್ನು. ಅದರ 12 ಅಂಕಿಗಳಲ್ಲಿ ಕೊನೆಯದು ಉಳಿದ 11ನ್ನು ಕಾಯುವ ಕಾವಲುಗಾರ. ಡಚ್ ಗಣಿತಜ್ಞ ವೆರ್ಹೂಫ್ 1969ರಲ್ಲಿ ಪ್ರಕಟಿಸಿದ ಸೂತ್ರದಿಂದ ಅದನ್ನು ಲೆಕ್ಕ ಹಾಕುತ್ತಾರೆ. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಬೇರೆಬೇರೆ ಅಂಕಿ ಜಾಗ ಬದಲಿಸಿದರೂ ಸಿಕ್ಕಿಬೀಳುತ್ತದೆ. ಮೊಮ್ಮಗಳು ಇದನ್ನು ವಿವರಿಸಿದಾಗ ರಾಯರು ಬಹಳ ಹೊತ್ತು ಕಾರ್ಡನ್ನೇ ನೋಡುತ್ತ ಕೂತರು.

"ಹಂಗಾದ್ರೆ ನೀವು ನೋಡೋದೇ ಬೇಡ ತಾತ, ನಂಬರೇ ನೋಡ್ಕೊಳ್ಳತ್ತೆ."

"ಆ ಕೊನೇ ನಂಬರು ಸರಿಯಾಗಿದ್ಯೋ ಇಲ್ವೋ ಯಾರು ನೋಡ್ತಾರೆ ಪುಟ್ಟಿ?"

ಇಷ್ಟೆಲ್ಲ ನಕ್ಕರೂ ಒಂದು ಮಾತು ಹೇಳಲೇಬೇಕು. ಮೊನ್ನೆ ಅವರ ತಂಗಿಯ ಮಗನ ಮದುವೆ. ಬೀಗರೂಟ ಮುಗಿದು ಅಡುಗೆಯವರಿಗೆ ದುಡ್ಡು ಕೊಡುವ ಹೊತ್ತು. ಚೀಟಿಗಳ ಮೊತ್ತಕ್ಕೂ ಬಿಲ್ಲಿಗೂ 2,700 ರೂಪಾಯಿ ವ್ಯತ್ಯಾಸ ಬಂತು. ದನಿಗಳು ಏರಿದವು, ಯಾರೋ ಪಂಚೆ ಎತ್ತಿ ಕಟ್ಟಿದರು. ರಾಯರು ಮೂಲೆಯಿಂದಲೇ "ಒಂಬತ್ತರಿಂದ ಹೋಗತ್ತೆ" ಎಂದರು. ಯಾರಿಗೂ ಅರ್ಥವಾಗಲಿಲ್ಲ. ಬಿಲ್ಲನ್ನು ಕೈಗೆ ತೆಗೆದುಕೊಂಡು ಬೆರಳು ಇಳಿಸುತ್ತ ಬಂದವರು ತುಪ್ಪದ ಬಾಬ್ತಿನಲ್ಲಿ ನಿಂತರು. ಚೀಟಿಯಲ್ಲಿ 14,700, ಬಿಲ್ಲಿನಲ್ಲಿ 17,400. ಅಡುಗೆ ಭಟ್ಟರು ಮೋಸಗಾರರಲ್ಲ, ಅವರ ಹುಡುಗ ನಿದ್ದೆಗಣ್ಣಲ್ಲಿ ಬರೆದಿದ್ದ. ಜಗಳ ಅಲ್ಲಿಗೇ ಮುಗಿಯಿತು. ಭಟ್ಟರು ರಾಯರಿಗೆ ಒಂದು ಡಬ್ಬಿ ಚಿರೋಟಿ ಕಟ್ಟಿಕೊಟ್ಟರು. ಎಷ್ಟಿದೆ ಎಂದು ಅವರು ಎಣಿಸಿದ್ದು ಮನೆಗೆ ಹೋದ ಮೇಲೆ. ಅಷ್ಟು ಸಂಕೋಚ ಅವರಿಗೂ ಇದೆ.

ಆದ್ದರಿಂದ ನಿಮ್ಮ ಮನೆಯಲ್ಲಿ ಮದುವೆ, ಮುಂಜಿ, ಗೃಹಪ್ರವೇಶ ಏನೇ ಇದ್ದರೂ ದುಡ್ಡಿನ ಚೀಲವನ್ನು ಇಂಥ ರಾಯರೊಬ್ಬರ ಕೈಗೆ ಕೊಟ್ಟು ನಿಶ್ಚಿಂತೆಯಿಂದ ಓಡಾಡಿ. ಲಗ್ನಪತ್ರಿಕೆಯನ್ನು ಮಾತ್ರ ಇನ್ನೊಬ್ಬರಿಂದ ಓದಿಸಿ. ಅವರ ಜೊತೆ ಹುಬ್ಬಳ್ಳಿ ರೈಲಿಗೆ ಹೋಗುವುದಿದ್ದರೆ ಬೀಗದ ಕೀಲಿ ನಿಮ್ಮ ಜೇಬಿನಲ್ಲಿರಲಿ, ಆಟೋ ಎರಡು ಗಂಟೆ ಮುಂಚೆ ಬರಲಿ.