ಏರುತ್ತಿದ್ದೇನೆಂಬ ಸದ್ದು

ಎಂಜಿನ್ನೇ ಇಲ್ಲದ ವಿಮಾನದಲ್ಲಿ ಸದ್ದಿನ ತಾಪತ್ರಯ ಎಲ್ಲಿಂದ ಬಂತು ಎಂದು ನನ್ನ ಭಾವಮೈದುನ ಕೇಳಿದ. ಅವನಿಗೆ ಏನನ್ನು ವಿವರಿಸಿದರೂ ಕೊನೆಗೆ “ಹೊಸದು ತಗೊಂಬಿಡಿ ಭಾವ” ಅನ್ನುತ್ತಾನೆ. ಆದ್ದರಿಂದ ಅವನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ಗ್ಲೈಡರಿನ ಪ್ರಾಣ ಇರುವುದೇ ಸದ್ದಿನಲ್ಲಿ. ಬಿಸಿಲಿಗೆ ಕಾದ ನೆಲದಿಂದ ಬಿಸಿಗಾಳಿ ಮೇಲೇಳುತ್ತದಲ್ಲ, ಅದು ಥರ್ಮಲ್. ನಮ್ಮ ಬೆಂಗಳೂರಿನ ಹದ್ದುಗಳು ಮಧ್ಯಾಹ್ನ ರೆಕ್ಕೆ ಬಡಿಯದೆ ಸುತ್ತು ಹೊಡೆಯುವುದು ಅದರೊಳಗೇ. ಹದ್ದಿಗೆ ಯಾರೂ ಹೇಳಿಕೊಡಬೇಕಿಲ್ಲ. ಮನುಷ್ಯನಿಗೆ ಮಾತ್ರ ಏರುತ್ತಿದ್ದಾನೋ ಇಳಿಯುತ್ತಿದ್ದಾನೋ ಹೇಳಲು ವೇರಿಯೋಮೀಟರ್ ಬೇಕು. ಹಳೆಯ ಮೀಟರುಗಳ ಗುಟ್ಟು ಒಂದು ಥರ್ಮಾಸ್ ಫ್ಲಾಸ್ಕು. ವಿಮಾನ ಮೇಲೇರಿದಂತೆ ಹೊರಗಿನ ಒತ್ತಡ ತಗ್ಗಿ ಫ್ಲಾಸ್ಕಿನೊಳಗಿನ ಗಾಳಿ ಹೊರಕ್ಕೆ ಹರಿಯುತ್ತದೆ, ಇಳಿದರೆ ಒಳಕ್ಕೆ. ಆ ಹರಿವು ಮುಳ್ಳನ್ನು ಸರಿಸುತ್ತದೆ. 1929ರಲ್ಲಿ ರಾಬರ್ಟ್ ಕ್ರಾನ್‌ಫೆಲ್ಡ್ ಗ್ಲೈಡರಿನಲ್ಲಿ ಮೊದಲ ಬಾರಿಗೆ 100 ಕಿಲೋಮೀಟರ್ ದಾಟಿದ ಕಾಲಕ್ಕೇ ಈ ಮೀಟರು ಬಳಕೆಗೆ ಬಂದಿತ್ತು. ಆಮೇಲೆ ಅದಕ್ಕೆ ಗಂಟಲೂ ಬಂತು. ಏರುವಾಗ ‘ಪೀಪ್ ಪೀಪ್’ ಅನ್ನುತ್ತದೆ. ಏರಿಕೆ ಜೋರಾದಷ್ಟೂ ಶ್ರುತಿ ಮೇಲಕ್ಕೆ, ಲಯ ಎರಡನೇ ಕಾಲಕ್ಕೆ, ಮೂರನೇ ಕಾಲಕ್ಕೆ. ಇಳಿಯುವಾಗ ತಗ್ಗಿನ ಸ್ವರದಲ್ಲಿ ಒಂದೇ ಸಮ ‘ಊಂ…’ ಎಂದು ಗೊಣಗುತ್ತದೆ. ಒಂದೇ ಥರ್ಮಲ್ಲಿನಲ್ಲಿ ನಾಲ್ಕೈದು ಗ್ಲೈಡರು ಸುತ್ತುತ್ತಿರುವಾಗ ಪೈಲಟ್ಟಿನ ಕಣ್ಣು ಹೊರಗಿರಬೇಕು, ಮೀಟರಿನ ಮೇಲಲ್ಲ. ಹಾಗಾಗಿ ಮೀಟರನ್ನು ಕಿವಿಗೆ ವಹಿಸಿದರು.

ಯೋಚಿಸಿ ನೋಡಿ, ನಮ್ಮ ಮನೆಯ ಯಂತ್ರಗಳು ಕೂಗುವುದೆಲ್ಲ ದೂರು ಹೇಳುವುದಕ್ಕೆ. ಬಾಗಿಲು ಹಾಕಿಲ್ಲ ಎಂದು ಫ್ರಿಜ್ಜು, ಫಿಲ್ಟರ್ ಬದಲಾಯಿಸಿ ಎಂದು ನೀರಿನ ಯಂತ್ರ, ಪಾತ್ರೆ ಇಟ್ಟಿಲ್ಲ ಎಂದು ಇಂಡಕ್ಷನ್ ಒಲೆ. ಒಳ್ಳೆ ಸುದ್ದಿ ಹೇಳಲು ಕೂಗುವುದು ವೇರಿಯೋ ಒಂದೇ. ಇಳಿಯುವಾಗಿನ ಗೊಣಗಾಟವನ್ನು ಆಫ್ ಮಾಡುವ ಸೌಲಭ್ಯವೂ ಅದರಲ್ಲಿದೆ. ನಾನು ಮಾಡಿಟ್ಟಿದ್ದೆ. ನಿವೃತ್ತ ಮನುಷ್ಯನಿಗೆ ಇಳಿಯುತ್ತಿದ್ದೀರಿ ಎಂದು ಯಾರೂ ನೆನಪಿಸಬೇಕಾಗಿಲ್ಲ.

ಅಸಲಿ ಗ್ಲೈಡರ್ ನಾನು ಹತ್ತಿದವನಲ್ಲ. 1941ರಲ್ಲೇ ನಮ್ಮೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟಿನಲ್ಲಿ ವಿ.ಎಂ. ಘಾಟಗೆಯವರು ಹತ್ತು ಜನ ಕೂರುವ ಗ್ಲೈಡರೊಂದನ್ನು ರೂಪಿಸಿದ್ದರು. ಆಗ ನಾನು ಹುಟ್ಟಿರಲಿಲ್ಲವಾದ್ದರಿಂದ ಹನ್ನೊಂದನೆಯವನಾಗಿ ತೂರಿಕೊಳ್ಳಲೂ ಆಗಲಿಲ್ಲ. ಹಾಗಾಗಿ ಮಲಗುವ ಕೋಣೆಯ ಮೂಲೆಯಲ್ಲಿ, ಇಸ್ತ್ರಿ ಮೇಜಿನ ಪಕ್ಕ, ಕಂಪ್ಯೂಟರಿನಲ್ಲೇ ನನ್ನ ಹಾರಾಟ. ಊರು ಸ್ಲೊವೇನಿಯಾದ ಲೆಸ್ತ್ಸೆ. ಪಕ್ಕದಲ್ಲಿ ಬ್ಲೆಡ್ ಸರೋವರ, ಎದುರಿಗೆ ಜೂಲಿಯನ್ ಆಲ್ಪ್ಸ್. ವಿಮಾನ ಎರಡು ಸೀಟಿನ ಎಎಸ್‌ಕೆ 21. ಹಿಂದಿನ ಸೀಟಿಗೆ ಹೆಂಡತಿಯನ್ನು ಕರೆದಿದ್ದೆ. ಬಟ್ಟೆ ಒಣಗಿಹಾಕಬೇಕು ಅಂದಳು.

ಈ ಸುಖದ ನಡುವೆ ವೇರಿಯೋಗೆ ತಲೆ ಕೆಟ್ಟಿತು. ತೆಪ್ಪಗೆ ನೆಟ್ಟಗೆ ಹೋಗುತ್ತಿದ್ದರೆ ‘ಪೀಪ್’ ಎಂದು ಒಮ್ಮೆ ಚೀರಿ ಸುಮ್ಮನಾಗುವುದು. ನಿಜಕ್ಕೂ ಮೆಲ್ಲಗೆ ಏರುತ್ತಿದ್ದಾಗ ಗಪ್‌ಚಿಪ್. ಮನೆಯವರೆಲ್ಲ ಒಂದೊಂದು ಔಷಧ ಹೇಳಿದರು. ಮಗ ಡ್ರೈವರ್ ಬದಲಾಯಿಸು ಅಂದ. ಎಸ್.ಪಿ. ರೋಡಿನ ಅಂಗಡಿಯ ಹುಡುಗ ವಿಂಡೋಸ್ ಹೊಸದಾಗಿ ಹಾಕಿ ಅಂದ. ಅವನ ಕೈಗೆ ಏನೇ ಕೊಟ್ಟರೂ ಅದನ್ನೇ ಹೇಳುತ್ತಾನೆ. ಗಡಿಯಾರ ಕೊಟ್ಟರೂ ವಿಂಡೋಸ್ ಹಾಕಿಯಾನು. ಭಾವಮೈದುನ ಏನಂದ ಎಂದು ಮತ್ತೆ ಹೇಳಬೇಕಿಲ್ಲ. “ಸೌಂಡ್ ಆಫ್ ಮಾಡಿ ಆಡಿ” ಎಂದವರೂ ಇದ್ದಾರೆ. ಸಂಗೀತ ಕಚೇರಿಗೆ ಹೋಗಿ ಮೈಕ್ ಆಫ್ ಮಾಡಿಸಿ ತಂಬೂರಿ ನೋಡಿಕೊಂಡು ಬರುವ ಜಾತಿಯವರು.

ಮೊದಲನೇ ಕಳ್ಳ ಸಿಕ್ಕಿದ್ದು ಜಾಯ್‌ಸ್ಟಿಕ್ಕಿನಲ್ಲಿ. ಸ್ಟಿಕ್ಕನ್ನು ಹಿಂದಕ್ಕೆಳೆದರೆ ಗ್ಲೈಡರ್ ಏರುತ್ತದೆ, ಆದರೆ ವೇಗ ಖರ್ಚಾಗುತ್ತದೆ. ಅದು ಸಂಪಾದನೆಯಲ್ಲ, ಒಂದು ಖಾತೆಯಿಂದ ಇನ್ನೊಂದಕ್ಕೆ ದುಡ್ಡು ವರ್ಗಾಯಿಸಿದಷ್ಟೇ. ಬ್ಯಾಂಕಿನಲ್ಲಿ ಬದುಕು ಕಳೆದ ನನಗೆ ಇದು ಬೇಗ ಅರ್ಥವಾಯಿತು. ಸಾದಾ ವೇರಿಯೋಗೆ ಅರ್ಥವಾಗುವುದಿಲ್ಲ, ‘ಪೀಪ್’ ಎಂದು ಸಂಭ್ರಮಿಸುತ್ತದೆ. ಪೈಲಟ್ಟುಗಳು ಇದನ್ನು ಸ್ಟಿಕ್ ಥರ್ಮಲ್ ಎಂದು ಗೇಲಿ ಮಾಡುತ್ತಾರೆ. ಇದು ಬೇಡವೆಂದೇ ಅಸಲಿ ಗ್ಲೈಡರುಗಳಲ್ಲಿ ವೇಗದ ಲೆಕ್ಕವನ್ನೂ ಸೇರಿಸಿಕೊಳ್ಳುವ ಕೊಳವೆಯೊಂದನ್ನು ಬಾಲದ ಹತ್ತಿರ ಸಿಕ್ಕಿಸಿರುತ್ತಾರೆ. ನಾನು ಹಾಕಿಕೊಂಡಿದ್ದು ಸಾದಾ ಮೀಟರು. ಸೆಟ್ಟಿಂಗ್ಸಿನ ಕಿಟಕಿ ತೆರೆದು, ಕೈ ಕಟ್ಟಿಕೊಂಡು ಕೂತು ನೋಡಿದೆ. ಯಾರೂ ಮುಟ್ಟದ ಜಾಯ್‌ಸ್ಟಿಕ್ಕಿನ ಗುರುತು ತೆರೆಯ ಮೇಲೆ ನಡುಗುತ್ತಿತ್ತು. ಒಳಗೆ ಧೂಳು ಕೂತು, ನಾನು ಎಳೆಯದ ಸ್ಟಿಕ್ಕನ್ನು ಎಳೆದೆ ಎಂದು ಅದು ಸುಳ್ಳು ವರದಿ ಕಳಿಸುತ್ತಿತ್ತು. ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ. ಆ ವಾಸನೆಗೆ ಮಡಚಿಟ್ಟ ರೇಷ್ಮೆ ಸೀರೆಯೊಂದನ್ನು ಮತ್ತೆ ಗಾಳಿಗೆ ಹಾಕಬೇಕಾಗಿ ಬಂದದ್ದು ಬೇರೆ ಕಥೆ.

ಮಾರನೆಯ ಮಧ್ಯಾಹ್ನ ಪರೀಕ್ಷಾ ಹಾರಾಟ. ಎಳೆಯುವ ವಿಮಾನ ನನ್ನನ್ನು ನೆಲದಿಂದ 600 ಮೀಟರ್ ಎತ್ತರದಲ್ಲಿ ಬಿಟ್ಟು ಹೋಯಿತು. ಸ್ವಲ್ಪ ಹೊತ್ತು ನಿಶ್ಶಬ್ದ. ಆಮೇಲೆ ಕೇಳಿಸಿತು, ‘ಪೀಪ್’. ತಡೆದು ಇನ್ನೊಂದು ‘ಪೀಪ್’. ಜಾಯ್‌ಸ್ಟಿಕ್ ಶುದ್ಧ, ಕೈ ಸ್ಥಿರ. ಅಂದಮೇಲೆ ಇದು ಅಪ್ಪಟ ಥರ್ಮಲ್! ಎಡಕ್ಕೆ ವಾಲಿಸಿ ಸುತ್ತಲು ಶುರುಮಾಡಿದೆ. ಸಾಮಾನ್ಯವಾಗಿ ಸುತ್ತಿನ ಒಂದು ಮಗ್ಗುಲಲ್ಲಿ ಸದ್ದು ಚುರುಕಾಗಿ ಇನ್ನೊಂದು ಮಗ್ಗುಲಲ್ಲಿ ಸೊರಗುತ್ತದೆ. ಚುರುಕಾದ ಕಡೆಗೆ ಸರಿಯುತ್ತ ಸರಿಯುತ್ತ ನಡುವನ್ನು ಹಿಡಿಯಬೇಕು. ಇಲ್ಲಿ ಮಾತ್ರ ನಾಲ್ಕು ದಿಕ್ಕಿನಲ್ಲೂ ಒಂದೇ ಅಂತರ, ಒಂದೇ ಶ್ರುತಿ. ಅಂದರೆ ಮೊದಲ ಏಟಿಗೇ ಥರ್ಮಲ್ಲಿನ ನಟ್ಟನಡುವೆ ಕೂತಿದ್ದೇನೆ!

ಮೀಟರಿನ ಮುಳ್ಳು ಕೆಳಗೆ ತೋರಿಸುತ್ತಿತ್ತು. ಮುಳ್ಳು ಯಾವತ್ತೂ ತಡ, ಅದು ಗೊತ್ತಿದ್ದದ್ದೇ. ಎತ್ತರದ ಮೀಟರು ಇಳಿಯುತ್ತಿತ್ತು. ಒತ್ತಡದ ಸೆಟ್ಟಿಂಗ್ ತಪ್ಪಿರಬೇಕು ಅಂದುಕೊಂಡೆ. ಬ್ಲೆಡ್ ಸರೋವರದ ದ್ವೀಪದ ಮೇಲಿನ ಚರ್ಚು ಸುತ್ತುಸುತ್ತಿಗೂ ದೊಡ್ಡದಾಗುತ್ತ ಬಂತು. ಗ್ರಾಫಿಕ್ಸ್ ಕಾರ್ಡಿಗೆ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತು. ಕುತ್ತಿಗೆಯಲ್ಲಿ ಬೆವರು ಹರಿಯಿತು. ಥರ್ಮಲ್ ಅಂದಮೇಲೆ ಸೆಕೆ ಇರುವುದೇ. ಅಷ್ಟರಲ್ಲಿ ಪೀಪಿನ ಲಯ ಎರಡನೇ ಕಾಲಕ್ಕೆ ಏರಿತು. ನೋಡನೋಡುತ್ತ ಮೂರನೇ ಕಾಲ. ಇಷ್ಟು ಜೋರಿನ ಏರಿಕೆ ಆಲ್ಪ್ಸಿನಲ್ಲೂ ಅಪರೂಪ. ಎದ್ದು ನಿಂತೇ ಹಾರಿಸತೊಡಗಿದೆ. ಚರ್ಚಿನ ಬಾಗಿಲು ಕಾಣಿಸಿತು. ಕಡೆಗೆ ಪೀಪುಗಳೆಲ್ಲ ಕೂಡಿಕೊಂಡು ಒಂದೇ ಉದ್ದದ ಕಿರುಚಾಟವಾಯಿತು. “ಬಂತು, ರೆಕಾರ್ಡ್ ಬಂತು!” ಎಂದು ಕೂಗಿದೆ.

ತೆರೆ ಕಪ್ಪಾಯಿತು.

ಅಡುಗೆಮನೆಯಿಂದ ದನಿ ಬಂತು: “ರೀ, ಕರೆಂಟ್ ಹೋಗಿ ಹತ್ತು ನಿಮಿಷ ಆಯ್ತು. ಆ ಯುಪಿಎಸ್ ಬಡ್ಕೊಳ್ತಾ ಇದೆ, ಕೇಳ್ಸಲ್ವಾ ನಿಮಗೆ?”

ಎಷ್ಟು ಚೆನ್ನಾಗಿ ಕೇಳಿಸಿತ್ತು ಎಂದು ಹೇಗೆ ಹೇಳಲಿ? ಕಾಲಬುಡದ ಬ್ಯಾಟರಿಯ ಸಾವನ್ನು ಅಷ್ಟು ಭಕ್ತಿಯಿಂದ ಸುತ್ತಿ ಬಂದವರು ಈ ಊರಿನಲ್ಲಿ ಇನ್ಯಾರೂ ಇರಲಾರರು.

ಎರಡನೇ ಕಳ್ಳ ಸ್ಪೀಕರು. ಸದ್ದು ತುಸು ನಿಂತರೆ ಸಾಕು, ವಿದ್ಯುತ್ ಉಳಿಸಲು ಅದು ನಿದ್ದೆ ಹೋಗುತ್ತದೆ. ಏರಿಕೆ ಮೆಲ್ಲಗಿದ್ದರೆ ಪೀಪುಗಳ ನಡುವೆ ಅಂತರ ಹೆಚ್ಚು. ಅದು ಕಣ್ಣುಜ್ಜಿ ಏಳುವಷ್ಟರಲ್ಲಿ ಪೀಪು ಮುಗಿದಿರುತ್ತದೆ. ತಂತಿಯ ಹಳೆ ಸ್ಪೀಕರ್ ಹುಡುಕಿ ಸಿಕ್ಕಿಸಿದೆ, ಸರಿಹೋಯಿತು.

ಈ ಪತ್ತೇದಾರಿಕೆಯಲ್ಲಿ ಮನೆಯ ಸದ್ದುಗಳನ್ನೆಲ್ಲ ಒಂದೊಂದಾಗಿ ಹಿಡಿದು ವಿಚಾರಿಸುತ್ತಿದ್ದಾಗ ಸಣ್ಣಗೆ ಕುಂಯ್‌ಗುಡುವ ಸಿಳ್ಳೆಯೊಂದು ಉಳಿದುಕೊಂಡಿತು. ಹುಡುಕುತ್ತ ಹೋದರೆ ಅಮ್ಮನ ಕೋಣೆ. ಅವಳ ಕಿವಿ ಮಿಷಿನ್ನು ಮೇಜಿನ ಮೇಲಿತ್ತು. “ಹಾಕ್ಕೊಂಡ್ರೆ ಸಿಳ್ಳೆ ಹೊಡೆಯತ್ತೆ ಕಣೋ, ತೆಗೆದಿಟ್ಟೆ” ಅಂದಳು. ಎಂದಿನಿಂದ ಎಂದು ಕೇಳಿದೆ. ನಾನು ಕೇಳಿದ್ದು ಅವಳಿಗೆ ಕೇಳಿಸಲಿಲ್ಲ, ನಕ್ಕು ತಲೆಯಾಡಿಸಿದಳು. ಇತ್ತೀಚೆಗೆ ಅಮ್ಮ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು. ವಯಸ್ಸಾಯಿತು, ಮೆತ್ತಗಾಗಿದ್ದಾಳೆ, ಎಲ್ಲಕ್ಕೂ ಒಪ್ಪುತ್ತಾಳೆ ಎಂದು ನಾವು ಮೆಚ್ಚಿಕೊಂಡಿದ್ದೆವು. ಕಿವಿಯವರ ಹತ್ತಿರ ಕರೆದುಕೊಂಡು ಹೋದೆ. ಗಟ್ಟಿಯಾಗಿದ್ದ ಪುಟ್ಟ ಕೊಳವೆಯನ್ನು ಕತ್ತರಿಸಿ ಹೊಸದು ಹಾಕಿ, ಕಿವಿಗೆ ಸರಿಯಾಗಿ ಕೂರಿಸಿ ಕೊಟ್ಟರು. ಒಂದು ಪೀಪು ಹುಡುಕಲು ನನಗೆ ಹಿಡಿದ ಕಾಲದ ಮುಂದೆ ಅದು ಏನೂ ಅಲ್ಲ. ಆಟೋದಲ್ಲಿ ಬರುವಾಗ ಅಮ್ಮ ಡ್ರೈವರಿನೊಡನೆ ಮೀಟರ್ ಮೇಲಿನ ಹತ್ತು ರೂಪಾಯಿಗೆ ಚೆನ್ನಾಗಿ ಜಗಳವಾಡಿದಳು.

ಈಗ ಎಲ್ಲ ಸರಿಯಾಗಿದೆ. ಯುಪಿಎಸ್ಸಿನ ದೆಸೆಯಿಂದ ಇಳಿತದ ಗೊಣಗಾಟವನ್ನೂ ಆನ್ ಮಾಡಿಕೊಂಡಿದ್ದೇನೆ. ಹೀಗಾಗಿ ನನ್ನ ಹಾರಾಟದ ಬಹುಪಾಲು ‘ಊಂ…’ ಎಂದೇ ಕಳೆಯುತ್ತದೆ. ಮೊನ್ನೆ ಹೀಗೇ ಆಲ್ಪ್ಸಿನ ಬದಿಯಲ್ಲಿ ಇಳಿಯುತ್ತಿದ್ದಾಗ ಪಕ್ಕದ ಕೋಣೆಯಿಂದ ಅಮ್ಮ ಕೂಗಿದಳು: “ಏನೋ ಅದು ಊಂ ಅಂತ? ಸಂಪಿನ ಮೋಟರ್ ಆಫ್ ಮಾಡೋ, ಟ್ಯಾಂಕ್ ತುಂಬಿರತ್ತೆ!”

“ಅಮ್ಮಾ, ಅದು ಮೋಟರಲ್ಲ, ವೇರಿಯೋ!”

“ಯಾವ ಓನರ್ರೋ? ಮೊದಲು ಆಫ್ ಮಾಡು!”

ಇಷ್ಟು ಸಣ್ಣ ವ್ಯತ್ಯಾಸವನ್ನು ವಿವರಿಸಿ ಬರೋಣವೆಂದು ಗ್ಲೈಡರನ್ನು ಬೆಟ್ಟದ ಪಾಡಿಗೆ ಬಿಟ್ಟು ಎದ್ದು ಹೋದೆ. ಮೋಟರು ಓಡುತ್ತಲೇ ಇತ್ತು. ತಾರಸಿಯಿಂದ ನೀರು ಕೆಳಗಿನ ಮನೆಯವರ ಸ್ಕೂಟರಿನ ಮೇಲೆ ಧಾರೆಯಾಗಿ ಬೀಳುತ್ತಿತ್ತು.