ನುಂಗೋ ಅಕ್ಷರದ ಫೀ

(ಕಲಬುರಗಿ ಬಸ್ ನಿಲ್ದಾಣ. ಕಮಲಾಪುರದ ಕಾಕಾ ಕೆಂಪು ಬಾಳೆಹಣ್ಣಿನ ಬುಟ್ಟಿ ಇಳಿಸಿದ್ದಾನೆ. ಹಣ್ಣಿಗೆ ಜಿಐ ಮಾನ್ಯತೆ ಇದೆ. ಕಾಕಾನ ಕನ್ನಡಕ್ಕೆ ಇನ್ನೂ ಇಲ್ಲ. ಅಣ್ಣನ ಮಗ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಮುಗಿಸಿ ಬಂದ.)

ಕಾಕಾ: ಇವತ್ತೇನ್ ಕಲಿಸಿದ್ರಪಾ?

ಹುಡುಗ: 'ಡೆಟ್', ಸಾಲ ಅಂತ. ನಡುವ 'ಬಿ' ಅದ, ಅನ್ನಬಾರದು.

ಕಾಕಾ: ಅನ್ನಬಾರದಂದ್ರ ಬರಿಯೋದ್ಯಾಕ?

ಹುಡುಗ: ಮೊದಲಿದ್ದಿಲ್ಲ ಕಾಕಾ. 16ನೇ ಶತಮಾನದಾಗ ಪಂಡಿತರು ಲ್ಯಾಟಿನ್ ನೋಡಿ ತುರುಕ್ಯಾರ.

ಕಾಕಾ: ಅವರ ಡೌಲಿಗಿ ನಾವು ಫೀ ಕಟ್ಟಬೇಕು! ರಸೀದಿ ಕೊಟ್ರೇನು?

ಹುಡುಗ: 'ರಿಸೀಟ್' ಅನ್ನು ಕಾಕಾ. ಅದರಾಗ 'ಪಿ' ನುಂಗಬೇಕು.

ಕಾಕಾ: ಬಿ ನುಂಗಿದ್ರಿ, ಪಿ ನುಂಗಿದ್ರಿ, ನನ್ನ ಬಾಳಿಹಣ್ಣಿನ ರೊಕ್ಕಾನೂ ನುಂಗಿದ್ರಿ!

ಹುಡುಗ: ಸ್ಟೈಲಾಗಿ 'ಗುಲ್ಬರ್ಗಾ' ಅನ್ಬೇಕಂತ, ಸರ್ ಹೇಳ್ಯಾರ.

ಕಾಕಾ: ಅದನ್ನ ಸರಕಾರ 2014ರ ನವೆಂಬರ್ 1ಕ್ಕೇ ಕಲಬುರಗಿ ಅಂತ ತಿದ್ದ್ಯದ. ನಿಮ್ಮ ಸರಿಗಿ ಹೇಳು, ಇದಕ್ಕ ಫೀ ಬ್ಯಾಡ.