ಪಂಪಿನ ಆಕ್ರಂದನ: ಕಾರವಾರ–ಅಂಕೋಲಾ ಪಾಠಗಳ ತೌಲನಿಕ ಅಧ್ಯಯನ

ಹಳಗನ್ನಡ ಕಾವ್ಯದ ಒಂದು ಒತ್ತಕ್ಷರಕ್ಕಾಗಿ ಪಂಡಿತರು ಮಾತು ಬಿಟ್ಟ ನಾಡಿದು. ಅಂಥಲ್ಲಿ ಪಿಕಪ್ ಗಾಡಿಯ ಟ್ಯಾಂಕಿನೊಳಗೆ ಹಗಲಿರುಳು ಕುಂಯ್‌ಗುಡುವ ಪಂಪಿಗೆ ಒಬ್ಬ ಟೀಕಾಕಾರನೂ ಸಿಗಲಿಲ್ಲವೆಂಬುದು ನಮ್ಮ ವಿದ್ವತ್ತಿಗೆ ಶೋಭೆಯಲ್ಲ. ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ನೀಗಲು ಹೊರಟಿದೆ. ಡೀಸೆಲ್ ಗಾಡಿಯ ಪಂಪಿನದು ಬೇರೆಯೇ ಸಂಪ್ರದಾಯ. ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯ ಹೆಸರೇ ಗೋತ್ರವಾಗಿ ನಿಂತು, ಹಳೆ ಮೇಸ್ತ್ರಿಗಳ ಬಾಯಲ್ಲಿ ಅದು ‘ಮೈಕೋ ಪಂಪು’. ನಮ್ಮ ಅಧ್ಯಯನ ಪೆಟ್ರೋಲಿನಲ್ಲೇ ಮುಳುಗಿ ಕೂತು ಕರೆಂಟಿನಿಂದ ತಿರುಗುವ ಪಂಪಿಗೆ ಸೀಮಿತ.

ಮೊದಲು ಮೂಲಪಾಠದ ನಿರ್ಣಯ. ಎಂಜಿನ್ ಎಬ್ಬಿಸದೆ ಚಾವಿಯನ್ನಷ್ಟೇ ತಿರುಗಿಸಿ, ಟ್ಯಾಂಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಿವಿಗೊಡಬೇಕು. ಎರಡು ಮೂರು ಸೆಕೆಂಡು ‘ಗುಂಯ್’ ಎಂದು ತಾನೇ ನಿಂತರೆ ಅದು ಶುದ್ಧ ಪಾಠ. ಮಿಕ್ಕವೆಲ್ಲ ಅಪಪಾಠಗಳು. ಅವುಗಳಲ್ಲಿ ಎರಡು ಪ್ರಸಿದ್ಧ.

ಕಾರವಾರ ಪಾಠ ತಾರಸ್ಥಾಯಿಯಲ್ಲಿದೆ: ‘ಕುಂಯ್‌ಯ್‌ಯ್’. ಇದರ ಉಗಮ ಅರ್ಥಶಾಸ್ತ್ರದಲ್ಲಿದೆ. ಗೋವಾದಲ್ಲಿ ಪೆಟ್ರೋಲ್ ಅಗ್ಗ. ಆದ್ದರಿಂದ ಮುಳ್ಳು ಕೆಂಪು ಗೆರೆ ಮುಟ್ಟಿದರೂ ಇಲ್ಲಿ ಹಾಕಿಸುವಂತಿಲ್ಲ. ಕಾಳಿ ನದಿ, ಸದಾಶಿವಗಡ, ಮಾಜಾಳಿ ದಾಟಿ ಪೋಳೆಂ ತಲುಪುವವರೆಗೆ ವ್ರತ. 2024ರ ಆಗಸ್ಟಿನಲ್ಲಿ ಹಳೆ ಸೇತುವೆ ಕುಸಿದು, ಎರಡೂ ದಿಕ್ಕಿನ ಗಾಡಿಗಳು ಒಂದೇ ಸೇತುವೆಗೆ ಬಿದ್ದ ಮೇಲಂತೂ ಈ ವ್ರತ ಇನ್ನಷ್ಟು ಕಠಿಣವಾಯಿತು. ಆದರೆ ಪಂಪನ್ನು ತಂಪಾಗಿಡುವುದೂ ಅದಕ್ಕೆ ಜಿಡ್ಡು ಕೊಡುವುದೂ ಅದರ ಸುತ್ತಲಿನ ಪೆಟ್ರೋಲೇ. ತಳದಲ್ಲಿ ಬೊಗಸೆಯಷ್ಟು ಉಳಿದಾಗ, ತಿರುವಿನಲ್ಲಿ ಅದೂ ಒಂದು ಬದಿಗೆ ಸರಿದಾಗ ಪಂಪು ಗಾಳಿ ಕುಡಿಯುತ್ತದೆ, ಬಿಸಿಯಾಗುತ್ತದೆ, ಕಿರುಚುತ್ತದೆ. ತಳದ ಕಸವೆಲ್ಲ ಜಾಳಿಗೆ ಮೆತ್ತಿಕೊಂಡರೂ ಇದೇ ರಾಗ. ಸಾಲದ್ದಕ್ಕೆ ಈಗಿನ ಪೆಟ್ರೋಲಿನಲ್ಲಿ 20% ಇಥನಾಲ್. ಅದಕ್ಕೆ ನೀರೆಂದರೆ ಪ್ರಾಣ. ನೀರು ಹೆಚ್ಚಾದರೆ ಎರಡೂ ಜೊತೆಗೂಡಿ ತಳಕ್ಕಿಳಿಯುತ್ತವೆ. ಪಂಪಿನ ಬಾಯಿರುವುದೂ ಅಲ್ಲೇ.

ಪರೀಕ್ಷೆ ಸುಲಭ. ಅರ್ಧ ಟ್ಯಾಂಕ್ ತುಂಬಿಸಿ; ಸದ್ದು ಇಳಿದರೆ ರೋಗ ಜೇಬಿನದು, ಪಂಪಿನದಲ್ಲ. ಇಳಿಯದಿದ್ದರೆ ಮುಚ್ಚಳ ತೆರೆಯಿರಿ. ‘ಉಸ್’ ಎಂದು ಗಾಳಿ ಒಳಹೋಗಿ ಕಿರುಚಾಟ ತಗ್ಗಿದರೆ ಟ್ಯಾಂಕಿಗೆ ಉಸಿರಾಡುವ ದಾರಿ ಕಟ್ಟಿದೆ. ಅದಕ್ಕೂ ಜಗ್ಗದಿದ್ದರೆ ಜಾಳಿ, ಫಿಲ್ಟರ್ ಬದಲಿಸಬೇಕು.

ಅಂಕೋಲಾ ಪಾಠ ಮಂದ್ರದಲ್ಲಿ ನರಳುತ್ತದೆ: ‘ಗುರ್‌ರ್’. ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ಬೇಲೆಕೇರಿಯಿಂದ ಬಂಗಡೆ ಹೊತ್ತ ಗಾಡಿಯನ್ನು ಹಿಂಬಾಲಿಸಿದವರಿಗೆ ಕಾರಣ ಮೂಗಿನಿಂದಲೇ ತಿಳಿಯುತ್ತದೆ. ಬುಟ್ಟಿಯ ಐಸು ಕರಗಿ, ಮೀನಿನ ಉಪ್ಪುನೀರು ಹಲಗೆಯ ಸಂದಿಯಲ್ಲಿ ತೊಟ್ಟಿಕ್ಕುತ್ತ ಚಾಸಿಗೆ ಇಳಿಯುತ್ತದೆ. ಅಲ್ಲೊಂದು ಪುಟ್ಟ ಬೋಲ್ಟು, ಅದರ ಕೆಳಗೆ ಪಂಪಿನ ಅರ್ಥಿಂಗ್ ವೈರು. ಅದರ ಕಣ್ಣಿಗೆ ಹಸಿರು ಹೂವು ಬಿಟ್ಟಿರುತ್ತದೆ. 1930ರಲ್ಲಿ ಇದೇ ಅಂಕೋಲೆಯವರು ಉಪ್ಪು ಹಿಡಿದು ಒಂದು ಸಾಮ್ರಾಜ್ಯವನ್ನೇ ಕಾಡಿದರು; ಯಃಕಶ್ಚಿತ್ ಒಂದು ಬೋಲ್ಟು ಅದಕ್ಕೆಲ್ಲಿ ಲೆಕ್ಕ? ರವೀಂದ್ರನಾಥ ಟ್ಯಾಗೋರರು ‘ಪ್ರಕೃತಿಯ ಪ್ರತೀಕಾರ’ ಎಂಬರ್ಥದ ನಾಟಕವನ್ನು ಕಾರವಾರದ ಕಡಲ ದಂಡೆಯಲ್ಲೇ ಬರೆದರೆಂಬುದನ್ನು ವಿದ್ವಾಂಸರು ಇಲ್ಲಿ ನೆನೆಯಬಹುದು. ಪಂಪಿಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಪ್ರಬಂಧಕ್ಕೆ ತೂಕ ಬರುತ್ತದೆ.

ಪಂಪು ಓಡುತ್ತಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಅದರ ಅರ್ಥಿಂಗಿಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೂ ಹಿಡಿಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಅಪರಾಧಿ ಸಿಕ್ಕಿಬಿದ್ದಂತೆ. ಪಾನಾ ಹಾಕಿ ಬೋಲ್ಟು ಬಿಚ್ಚಿ, ಪಾಲಿಶ್ ಪೇಪರಿನಲ್ಲಿ ಲೋಹ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ಗ್ರೀಸು ಮೆತ್ತಿದರಾಯಿತು.

ಈಗ ಪೂರ್ವಪಕ್ಷ. “ಮೋಟರ್ ಹೋಯ್ತು ಮಾರಾಯ್ರೆ, ಹೊಸ್ದೇ ಹಾಕ್ಬೇಕು” ಎಂಬುದು ಗ್ಯಾರೇಜುಗಳ ಮಹಾವಾಕ್ಯ. ದೂರು ಕೊಡಲು ಬಂದವನನ್ನೇ ಲಾಕಪ್ಪಿಗೆ ಹಾಕುವ ನ್ಯಾಯವಿದು. ಹೊಸ ಪಂಪಿಗೆ ಹೊಸ ಜಾಳಿ ಜೊತೆಗೇ ಬರುವುದರಿಂದ ಸದ್ದು ನಿಲ್ಲುವುದೂ ಉಂಟು, ಸಿದ್ಧಾಂತ ಗೆದ್ದಂತೆ ಕಾಣುವುದೂ ಉಂಟು. ಪಂಪು ನಿಜಕ್ಕೂ ಸವೆದಿದೆಯೇ ಎಂದು ಹೇಳಬೇಕಾದದ್ದು ಪ್ರೆಶರ್ ಗೇಜು. ಸಾಮಾನ್ಯವಾಗಿ ಮೂರು ಬಾರ್ ಆಸುಪಾಸು ಇರಬೇಕು, ಕಂಪನಿಯ ಪುಸ್ತಕ ನೋಡಿಕೊಳ್ಳಬೇಕು. ಮೇಲಿನದೆಲ್ಲ ಸರಿಯಿದ್ದೂ ಗೇಜು ಏಳದಿದ್ದರೆ ಮಾತ್ರ ಬದಲಿಸುವುದು.

ಆಗಲೂ ಪಂಪಿನ ಫ್ಯೂಸು ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಬೇಕು. ಬ್ಯಾಟರಿಯ ಮೈನಸ್ ಬಿಚ್ಚಿ, ಬಯಲಲ್ಲಿ ಕೆಲಸ ಮಾಡಬೇಕು. ಹೊಗೆಯಿದ್ದಲ್ಲಿ ಬೆಂಕಿ ಎಂಬ ತಾರ್ಕಿಕರ ಪುರಾತನ ಉದಾಹರಣೆಯನ್ನು ಬೀಡಿ ಹಚ್ಚಿಕೊಂಡು ಇಲ್ಲಿ ಸಾಧಿಸಿ ತೋರಿಸಬಾರದು.

ಮೂರನೆಯದೊಂದು ಪಂಥವಿದೆ: ಗಾಜು ಏರಿಸಿ, ಹಾಡಿನ ವಾಲ್ಯೂಮ್ ಹೆಚ್ಚಿಸುವುದು. ಅನುಯಾಯಿಗಳು ಇದಕ್ಕೇ ಹೆಚ್ಚು. ಕಾರವಾರ–ಬಿಣಗಾ ನಡುವಿನ ಸುರಂಗದಲ್ಲಿ ಪಂಪು ದನಿಯೇರಿಸಿದರೆ ಇವರೂ ಏರಿಸುತ್ತಾರೆ. ಇವರೊಡನೆ ವಾದಕ್ಕಿಳಿಯಬಯಸುವ ಸಂಶೋಧಕರು ಅಂಕೋಲೆಯಿಂದ ಹುಬ್ಬಳ್ಳಿ ರಸ್ತೆ ಹಿಡಿದು ಅರಬೈಲ್ ಘಾಟಿಯ ಅರ್ಧದಲ್ಲಿ ಒಂದು ಮರದ ಕೆಳಗೆ ಕಾದು ಕೂರಬೇಕು. ಲೋಡು ಸಮೇತ ಅವರೇ ಅಲ್ಲಿ ಬಂದು ನಿಲ್ಲುತ್ತಾರೆ.